ಗೋಳಿ ಮರದ ಬುಡದ ಕಾಲು ತಾಸು

ಕಾರವಾರದಲ್ಲಿ, ಕಾಳಿ ಹೊಳೆಯ ದಂಡೆಗಿದ್ದ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ನಾನು ಏಳು ವರ್ಷ ಮುಕಾದಮನಾಗಿದ್ದೆ. ಮೂವತ್ತರ ದಶಕದ ವರ್ಷಗಳು ಅವು. ಈಗ ನೆನೆದರೆ ಎಲ್ಲಕ್ಕಿಂತ ಮೊದಲು ಬರುವುದು ದಣಿವು. ಕಾಲಿನ ದಣಿವು, ಮರದ ಹುಡಿ ಬಿದ್ದು ಬಿದ್ದು ಕೆಂಪಾದ ಕಣ್ಣಿನ ದಣಿವು, ಗರಗಸದ ಸದ್ದಿನ ಮೇಲೆ ಒದರಿ ಒದರಿ ಗಂಟಲಿಗೆ ಹತ್ತಿದ ದಣಿವು. ಐತವಾರ ಮಿಲ್ಲಿಗೆ ರಜೆ. ಊರವರೆಲ್ಲ ಸಂತೆಗೆ ಹೋದರೆ ನಾನು ಹಬ್ಬುವಾಡದ ಬಾಡಿಗೆ ಕೋಣೆಯಲ್ಲಿ ಮಲಗಿರುತ್ತಿದ್ದೆ. ಎದ್ದಾಗ ಮಲಗುವ ಮೊದಲಿದ್ದಷ್ಟೇ ದಣಿವಿರುತ್ತಿತ್ತು.

ನನ್ನ ಊರು ಅಂಕೋಲೆ ತಾಲೂಕಿನ ಶೆಟಗೇರಿ. ಮನೆಗೆ ಸ್ವಲ್ಪ ಗೇಣಿ ಗದ್ದೆ ಇತ್ತು. ಅದರಲ್ಲಿ ಅಣ್ಣನ ಮಕ್ಕಳ ಹೊಟ್ಟೆಯೇ ತುಂಬುತ್ತಿರಲಿಲ್ಲ. ನಾನು ಕನ್ನಡ ನಾಲ್ಕನೆಯ ಇಯತ್ತೆ ಓದಿದ್ದೆ, ದಿಮ್ಮಿಯ ಅಳತೆ ಹಿಡಿದು ಬರೆಯಲು ಬರುತ್ತಿತ್ತು. ಹಾಗಾಗಿ ಮಿಲ್ಲಿನವರು ಇಟ್ಟುಕೊಂಡರು. ದಿನಾ ಬೆಳಿಗ್ಗೆ ಯಾರನ್ನು ಎಲ್ಲಿಗೆ ಹಾಕಬೇಕು ಎಂದು ಹೇಳುವುದು ನನ್ನ ಕೆಲಸ. ಮೇಲಿನ ಕಾಡಿನಿಂದ ತೆಪ್ಪ ಕಟ್ಟಿ ಬಿಟ್ಟ ದಿಮ್ಮಿಗಳು ಹೊಳೆಯಲ್ಲಿ ತೇಲಿ ಬರುತ್ತಿದ್ದವು. ಅವನ್ನು ದಂಡೆಗೆ ಎಳೆಯಲು ಕೆಲವರು, ಮಿಲ್ಲಿನ ತನಕ ಉರುಳಿಸಲು ಕೆಲವರು, ಗರಗಸದ ಬಾಯಿಗೆ ಕೊಡಲು ಇಬ್ಬರು, ಹಲಗೆ ಒಟ್ಟಲು ಕೆಲವರು. ಹುಡಿ ಹೊತ್ತು ಹಾಕುವುದು ಹೆಂಗಸರ ಕೆಲಸ. ಎಲ್ಲ ಸುತ್ತಲಿನ ಹಳ್ಳಿಗಳ ಬೇಸಾಯದ ಮಂದಿ. ಗದ್ದೆ ಕೆಲಸ ಇದ್ದಾಗ ಗದ್ದೆ, ಇಲ್ಲದಾಗ ಕೂಲಿ.

ಗರಗಸದ ಬಾಯಿ ಎಂದರೆ ಎಲ್ಲರಿಗೂ ಹೆದರಿಕೆ. ಆಳೆತ್ತರದ ಚಕ್ರ ಅದು. ತಿರುಗುವಾಗ ಹಲ್ಲು ಕಾಣುವುದಿಲ್ಲ, ಬರೀ ಹೊಳಪು ಕಾಣುತ್ತದೆ. ಅಲ್ಲಿ ನಿಲ್ಲುವವನಿಗೆ ತೋಳಿನ ಬಲಕ್ಕಿಂತ ಎಚ್ಚರ ಹೆಚ್ಚು ಬೇಕು.

ಮಿಲ್ಲಿನ ಅಂಗಳದ ಮೂಲೆಯಲ್ಲಿ ಒಂದು ಗೋಳಿ ಮರ, ಅದರ ಬುಡದಲ್ಲಿ ಒಂದು ಕಲ್ಲು. ಅದು ಜಟಗ. ನಮ್ಮ ಕಡೆ ಜಾಗ ಕಾಯುವ ದೇವರು ಅಂದರೆ ಜಟಗನೇ. ಅವನಿಗೆ ಗುಡಿ ಬೇಕಾಗಿಲ್ಲ, ಭಟ್ಟರೂ ಬೇಕಾಗಿಲ್ಲ. ಮಿಲ್ಲು ಬರುವ ಮೊದಲೇ ಆ ಕಲ್ಲು ಅಲ್ಲಿತ್ತಂತೆ. ನಾನು ಸೇರಿಕೊಂಡಾಗ ಒಂದು ಪದ್ಧತಿ ನಡೆಯುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಕರೆಯುವ ಮಿಲ್ಲಿನ ಕೂಗು, ಭೋಂಗಾ, ಆದ ಮೇಲೆ ಎಲ್ಲರೂ ಕೆಲಸಕ್ಕೆ ಹೋಗುವ ಮೊದಲು ಆ ಮರದ ಬುಡಕ್ಕೆ ಹೋಗುತ್ತಿದ್ದರು. ದಿಮ್ಮಿ ಉರುಳಿಸುವವರಲ್ಲಿ ಎಲ್ಲರಿಗಿಂತ ಹಿರಿಯನಾದ ಒಬ್ಬ ಮುದುಕನಿದ್ದ, ಅಂಕೋಲೆ ಕಡೆಯವನೇ. ಒಬ್ಬೊಬ್ಬರೇ ಅವನ ಕೈಗೆ ಒಂದು ದಾಸಾಳವನ್ನೋ ಅಬ್ಬಲಿಗೆಯನ್ನೋ ಕೊಟ್ಟು ಕಿವಿಯಲ್ಲಿ ಒಂದೆರಡು ಮಾತು ಹೇಳುತ್ತಿದ್ದರು. ಅವನು ಹೂವೆಲ್ಲ ಕಲ್ಲಿನ ಮೇಲಿಟ್ಟು, ಎಲ್ಲರ ಪರವಾಗಿ ಗಟ್ಟಿಯಾಗಿ ಮಾತಾಡುತ್ತಿದ್ದ. ಮಂತ್ರ ಅಲ್ಲ, ಬೇಲಿಯಾಚೆಯ ಮನೆಯವನ ಕೂಡೆ ಆಡುವಂಥ ಮಾತು.

"ಜಟಗಾ, ಕೇಳ್ತಿದ್ಯೇನಾ? ಮಕ್ಕಳೆಲ್ಲಾ ಬಂದವ್ರೆ ನೋಡು. ಬಿಣಗೆಯವಂಗೆ ಸೊಂಟ ಹಿಡದದೆ. ಈ ಹೆಣ್ಣಿನ ಮಗೂಗೆ ಮೂರು ದಿನದಿಂದ ಜರ. ಇವ ಹೆಂಡ್ತಿ ಕೂಡೆ ಜಗಳ ಮಾಡ್ಕಂಡು ಉಣ್ಣದೇ ಬಂದವ್ನೆ, ಇವಂಗೆ ಬುದ್ಧಿ ಕೊಡು, ಹೆಂಡ್ತಿಗೆ ತಾಳ್ಮೆ ಕೊಡು. ಬಂದವ್ರು ಬಂದಾಂಗೇ ಮನೆಗೆ ಹೋಗ್ಲಿ."

ಕೆಲವರು ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಲು ತಾಸು ಆಗುತ್ತಿತ್ತು. ನಾನು ಹಿಂದೆ ನಿಂತು ಕೈ ಮುಗಿಯುತ್ತಿದ್ದೆ. ನನಗೆ ಹೇಳಿಕೊಳ್ಳುವಂಥ ಭಕ್ತಿ ಇರಲಿಲ್ಲ. ಆದರೆ ಕಿವಿ ಇತ್ತು. ಸೊಂಟ ಹಿಡಿದವನನ್ನು ನಾನು ಆ ದಿನ ದಿಮ್ಮಿ ಎಳೆಯಲು ಕಳಿಸುತ್ತಿರಲಿಲ್ಲ. ಮಗುವಿಗೆ ಜ್ವರ ಇದ್ದವಳನ್ನು ಮಧ್ಯಾಹ್ನ ಗಂಜಿ ಹೊತ್ತಿಗೆ ಎಲ್ಲರಿಗಿಂತ ಮೊದಲು ಬಿಡುತ್ತಿದ್ದೆ. ನಿದ್ದೆ ಇಲ್ಲದವನು ಗರಗಸದ ಹತ್ತಿರ ಹೋಗುತ್ತಿರಲಿಲ್ಲ, ಹಲಗೆ ಒಟ್ಟಲು ಹೋಗುತ್ತಿದ್ದ. ಯಾಕೆ ಎಂದು ನಾನು ಹೇಳುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ದೇವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು, ಅಷ್ಟೆ. ಇದು ಮಿಲ್ಲಿನ ಒಂದು ವ್ಯವಸ್ಥೆ ಎಂದು ಆಗ ನನಗೆ ಹೊಳೆದಿರಲಿಲ್ಲ. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಕೈ ತಾನಾಗಿ ತೋರಿಸುತ್ತಿತ್ತು.

ನಾಲ್ಕನೆಯ ವರ್ಷ ಹೊಸ ಮೆನೇಜರು ಬಂದರು. ಬೆಳಗಾವಿ ಕಡೆಯವರು. ಧನಿ ಇದ್ದದ್ದು ಮುಂಬಯಿಯಲ್ಲಿ, ಕಾರವಾರದಲ್ಲಿ ಇವರೇ ಎಲ್ಲ. ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಬರುವವರು, ಯಾರ ಮೇಲೂ ಕೈ ಎತ್ತದವರು. ಬೆಳಿಗ್ಗೆ ಮನೆಯಲ್ಲಿ ಒಂದು ತಾಸು ಪೂಜೆ ಮಾಡಿ, ಹಣೆಗೆ ಗಂಧ ಇಟ್ಟುಕೊಂಡೇ ಮಿಲ್ಲಿಗೆ ಬರುತ್ತಿದ್ದರು. ಬಂದ ಎಂಟೇ ದಿನಕ್ಕೆ ನನ್ನನ್ನು ಕರೆದರು.

"ಏನ್ರೀ ಮುಕಾದಮ, ಬಾಯ್ಲರಿನ್ಯಾಗ ಉಗಿ ತುಂಬಿ ನಿಂತದ, ಮಂದಿ ನೋಡಿದ್ರ ಮರದ ಬುಡಕ ನಿಂತಾರ. ದೇವರಂದ್ರ ನನಗೂ ಭಕ್ತಿ ಅದ. ಆದ್ರ ದೇವರ ಹೊತ್ತು ಬ್ಯಾರೆ, ಧನಿಯರ ಹೊತ್ತು ಬ್ಯಾರೆ."

"ಕಾಲು ತಾಸು ಸಾಹೇಬ್ರೆ, ಮೊದಲಿಂದ ಬಂದದ್ದು," ಎಂದೆ.

"ದಿನಾ ಕಾಲು ತಾಸು ಸೌದಿ ಸುಮ್ಮನ ಸುಡತದ. ನಾ ಏನು ದೇವರು ಬ್ಯಾಡ ಅಂತೇನೇನು? ಶುಕ್ರವಾರ ಸಂಜೀಕ ಚಂದಂಗ ಪೂಜಿ ಮಾಡಿಸೋಣ. ಭಟ್ಟರು ಬರಲಿ, ಪ್ರಸಾದ ಹಂಚೋಣ. ಎಲ್ಲಾರೂ ಸ್ವಚ್ಛ ಬಂದು ನಿಲ್ಲಲಿ."

ನಾನು ಹೂಂ ಎಂದೆ. ಹೊರಗೆ ಬಂದು ಮಂದಿಗೆ ತಿಳಿಸಿದೆ. ಯಾರೂ ಜಗಳಕ್ಕೆ ಬರಲಿಲ್ಲ. ಆಫೀಸಿನ ಗೋಡೆಗೆ ಗಣಪತಿಯ ದೊಡ್ಡ ಪಟ ಬಂತು. ಶುಕ್ರವಾರ ಸಂಜೆ ಭಟ್ಟರು ಬಂದು ಮಂತ್ರ ಹೇಳಿ ಮಂಗಳಾರತಿ ಮಾಡುತ್ತಿದ್ದರು. ಹೆಂಗಸರು ತಲೆ ಬಾಚಿ ಹೂ ಮುಡಿದು ಅಂಗಳದಲ್ಲಿ ನಿಲ್ಲುತ್ತಿದ್ದರು, ಬೊಗಸೆ ತುಂಬ ಪಂಚಕಜ್ಜಾಯ ಸಿಗುತ್ತಿತ್ತು. ಚಂದವಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಹಗುರೆನಿಸಿತು. ಬೆಳಿಗ್ಗೆ ಹೋದೊಡನೆ ಕೆಲಸ ಹಂಚಿ ಒಂದು ಕಡೆ ನಿಲ್ಲಬಹುದಿತ್ತು. ಮುದುಕ ಮಾತ್ರ ಮಿಲ್ಲಿಗೆ ಬರುವಾಗ ಒಂದು ಹೂವನ್ನು ಕಲ್ಲಿನ ಮೇಲೆ ಎಸೆದು, ನಿಲ್ಲದೇ ಹೋಗುತ್ತಿದ್ದ.

ಮಳೆಗಾಲ ಕಳೆದು ಹೊಳೆ ಇಳಿಯತೊಡಗಿದಾಗ ತೆಪ್ಪಗಳು ಒಂದರ ಹಿಂದೆ ಒಂದು ಬಂದವು. ಕೆಲಸ ತಲೆ ಮೇಲೆ ಬಿತ್ತು. ಗರಗಸದ ಬಾಯಿಗೆ ನಾನು ಹಾಕುತ್ತಿದ್ದ ಇಬ್ಬರಲ್ಲಿ ಒಬ್ಬ ದೇವಬಾಗದವನು. ಮೂವತ್ತು ದಾಟಿರಲಿಲ್ಲ. ಕಾಳಿಯ ಆಚೆಯಿಂದ ದಿನಾ ದೋಣಿ ದಾಟಿ ಬರುತ್ತಿದ್ದ. ಮಾತು ಕಡಿಮೆ, ಕೈ ಚುರುಕು. ಅವನು ನಿಂತನೆಂದರೆ ನಾನು ಆ ಕಡೆ ನೋಡುತ್ತಲೇ ಇರಲಿಲ್ಲ, ಅಷ್ಟು ನಂಬಿಕೆ.

ಆ ಬೆಳಿಗ್ಗೆ ಅವನ ಕಣ್ಣು ಕೆಂಪಾಗಿದ್ದದ್ದು ನನಗೆ ಕಂಡಿತ್ತು. ಮಿಲ್ಲಿನಲ್ಲಿ ಯಾರ ಕಣ್ಣು ಕೆಂಪಿರಲಿಲ್ಲ? "ಆರಾಮ ಇದ್ಯೇನಾ?" ಎಂದೆ. "ಹ್ಞಾಂ ಮುಕಾದಮ್ರೆ," ಎಂದ. ನಾನು ಗರಗಸದ ಕಡೆ ಕೈ ತೋರಿಸಿದೆ.

ಹತ್ತು ಗಂಟೆಯ ಸುಮಾರಿಗೆ ಕೂಗು ಕೇಳಿತು. ಅವನ ಕೂಗಲ್ಲ, ಜೊತೆಗಿದ್ದವನದು. ಓಡಿ ಹೋದಾಗ ಅವನು ದಿಮ್ಮಿಗೆ ಒರಗಿ ಕುಳಿತಿದ್ದ. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ, ಹುಡಿಯೆಲ್ಲ ಕೆಂಪಾಗಿತ್ತು. ಮೂರು ಬೆರಳು ಹೋಗಿದ್ದವು. ಗರಗಸ ಇನ್ನೂ ತಿರುಗುತ್ತಲೇ ಇತ್ತು, ನಿಲ್ಲಿಸಬೇಕೆಂಬುದು ಒಂದು ಕ್ಷಣ ಯಾರಿಗೂ ತೋಚಲಿಲ್ಲ. ನನ್ನ ಪಂಚೆ ಹರಿದು ಕಟ್ಟಿದೆ. ಗಾಡಿಯಲ್ಲಿ ದವಾಖಾನೆಗೆ ಒಯ್ದೆವು. ದಾರಿಯಲ್ಲಿ ಅವನು ಒಂದೇ ಮಾತಾಡಿದ, "ಮನೆಗೆ ಹೇಳ್ಬೇಡಿ. ಹೆಂಡ್ತಿ ಮಗೂನ ಹಿಡ್ಕಂಡು ಕೂತದೆ."

ಆಗ ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಮಧ್ಯಾಹ್ನ, ಅವನ ಕೇರಿಯಿಂದಲೇ ಹುಡಿ ಹೊರಲು ಬರುತ್ತಿದ್ದ ಹೆಂಗಸೊಬ್ಬಳು ಹೇಳಿದಾಗ. ಅವನ ಮಗುವಿಗೆ ಕೆಂಡದಂಥ ಜ್ವರ, ನಾಲ್ಕು ರಾತ್ರಿಯಿಂದ ಗಂಡ ಹೆಂಡತಿ ಸರದಿಯ ಮೇಲೆ ಎತ್ತಿಕೊಂಡು ಕೂತಿದ್ದರು. ಬೆಳಿಗ್ಗೆ ಅವನು ದೋಣಿಯಲ್ಲಿ ಕೂತಲ್ಲೇ ತೂಕಡಿಸಿದ್ದನ್ನು ಇವಳು ನೋಡಿದ್ದಳು.

"ನಂಗೆ ಒಂದು ಮಾತು ಹೇಳೂಕೆ ಆಗಲಿಲ್ವೇನೇ?" ಎಂದು ರೇಗಿದೆ.

ಅವಳು ಬುಟ್ಟಿ ಕೆಳಗಿಟ್ಟಳು. "ನಿಮ್ಮ ಹತ್ರ ಹೆಂಗೆ ಹೇಳೂದು ಮುಕಾದಮ್ರೆ? ಇವತ್ತು ಬೇಡ, ಮನೆಗೆ ಹೋಗು ಅಂತ ನೀವು ಅಂದ್ರೆ? ಅವನ ಗಂಜಿ ನಾ ಕಳದಾಂಗೆ ಆಗ್ತಿತ್ತಲಾ. ಕಲ್ಲಿನ ಹತ್ರ ಆಗಿದ್ರೆ ಅಜ್ಜ ಹೇಳ್ತಿದ್ದ."

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ನಾನು ಅಳತೆಪಟ್ಟಿ ಹಿಡಿದು ಅಲ್ಲೇ ನಿಂತೆ.

ಎರಡು ದಿನ ಮಿಲ್ಲಿನಲ್ಲಿ ಒಂದೇ ಮಾತು. ಜಟಗ ಸಿಟ್ಟಾಗಿದ್ದಾನೆ, ಅವನನ್ನು ಬಿಟ್ಟದ್ದಕ್ಕೆ ಹೀಗಾಯಿತು. ಗರಗಸದ ಹತ್ತಿರ ಹೋಗಲು ಯಾರೂ ಒಪ್ಪಲಿಲ್ಲ. ಮೆನೇಜರೂ ಕಂಗಾಲಾಗಿದ್ದರು. ದವಾಖಾನೆಗೆ ಎರಡು ಸಲ ಹೋಗಿ ಬಂದಿದ್ದರು, ಊಟ ಬಿಟ್ಟಿದ್ದರು ಎಂದು ಅವರ ಮನೆಯ ಕೆಲಸದವಳು ಹೇಳುತ್ತಿದ್ದಳು. ನನ್ನನ್ನು ಕರೆದು, "ಆ ಕಲ್ಲಿಗೆ ಏನು ನಡೀತದೋ ಅದನ್ನೆಲ್ಲಾ ಮಾಡಸ್ರಿ. ಕೋಳಿ ಅಂದ್ರ ಕೋಳಿ. ನಾ ನೋಡಂಗಿಲ್ಲ, ಆದ್ರ ಬ್ಯಾಡ ಅನ್ನಂಗಿಲ್ಲ," ಎಂದರು.

"ಸಾಹೇಬ್ರೆ, ಗರಗಸದ ಹಲ್ಲಿಗೆ ಕೈ ತಾಗದಾಂಗೆ ಒಂದು ಮುಚ್ಚಿಗೆ ಮಾಡಿಸೂಕೆ ಬರ್ತದೆ. ಬೇರೆ ಕಡೆ ನೋಡಿದ್ದೆ," ಎಂದೆ.

"ಧನಿಯರಿಗೆ ಬರೀತೇನಿ."

ಬರೆದರು ಕೂಡ. ಮುಚ್ಚಿಗೆ ಬಂದದ್ದು ಮುಂದೆ ಎಷ್ಟೋ ತಿಂಗಳ ಮೇಲೆ. ಕೋಳಿಯ ಪೂಜೆ ಮಾತ್ರ ಆ ವಾರವೇ ಆಯಿತು. ಕಲ್ಲಿಗೆ ಹೊಸ ಕೆಂಪು ಬಟ್ಟೆ, ಐದು ತೆಂಗಿನಕಾಯಿ. ಮಂದಿಗೆಲ್ಲ ಧೈರ್ಯ ಬಂತು. ಮರುದಿನ ಇಬ್ಬರು ತಾವಾಗಿಯೇ ಗರಗಸದ ಬಾಯಿಗೆ ನಿಂತರು. ಬೆಳಗಿನ ಕಾಲು ತಾಸಿನ ಮಾತು ಎತ್ತಿದರೆ ಮೆನೇಜರು, "ಆತಲ್ರೀ, ದೇವರಿಗೆ ಮುಟ್ಟಿತಲ್ಲ," ಎಂದುಬಿಟ್ಟರು. ಅವರಿಗೆ ಸಮಾಧಾನವಾಗಿತ್ತು, ಮಂದಿಗೂ ಆಗಿತ್ತು. ಆಗದಿದ್ದದ್ದು ಇಬ್ಬರಿಗೆ. ಒಬ್ಬ ಆ ಮುದುಕ. ಪೂಜೆಯ ದಿನ ಅವನು ಕಲ್ಲಿನ ಮುಂದೆ ನಿಂತು ಒಂದು ಮಾತೂ ಆಡಲಿಲ್ಲ. ಕಾಯಿ ಒಡೆದು ಹಿಂದೆ ಸರಿದ. ವಾರ ಕಳೆದ ಮೇಲೆ ನನ್ನ ಹತ್ತಿರ ಬಂದು, "ತಮಾ, ನಾ ಊರಿಗೆ ಹೋಗ್ತೆ. ಮೈ ಕೇಳೂದಿಲ್ಲ," ಎಂದ.

"ಯಾಕಜ್ಜಾ, ಇನ್ನೂ ಗಟ್ಟಿ ಇದ್ಯಲಾ," ಎಂದೆ.

"ಬಾಯಿ ಕೇಳೂದಿಲ್ಲ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಮತ್ತೆ ಅವನನ್ನು ನಾನು ನೋಡಲಿಲ್ಲ.

ಇನ್ನೊಬ್ಬ ನಾನು. ಒಂದು ಐತವಾರ ಮಲಗದೇ ಎದ್ದು ದೋಣಿ ದಾಟಿ ದೇವಬಾಗಕ್ಕೆ ಹೋದೆ. ಬಿಸಿಲಿಗೆ ಮರಳು ಕಾದಿತ್ತು. ಅವನ ಮನೆ ಗಾಳಿಮರಗಳ ಹಿಂದೆ, ಸೋಗೆಯ ಮಾಡು. ಅವನು ಹೊರಗೆ ಚಾಪೆ ಹಾಕಿ ಕೂತಿದ್ದ. ಕೈಗೆ ದೊಡ್ಡ ಬಟ್ಟೆಯ ಗಂಟು. ಮಗುವಿನ ಜ್ವರ ಇಳಿದಿತ್ತು, ಅಂಗಳದಲ್ಲಿ ಆಡುತ್ತಿತ್ತು. ಹೆಂಡತಿ ಒಳಗಿನಿಂದ ಬೆಲ್ಲ ನೀರು ತಂದಿಟ್ಟು ಬಾಗಿಲ ಹಿಂದೆ ನಿಂತಳು.

ನಾನು ದೋಣಿಯಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತು ಹೋಯಿತು.

"ಕೈ ಹೆಂಗದೆ ತಮಾ?"

"ಹೋದ ಬೆರಳೇ ನೋಯ್ತದೆ ಮುಕಾದಮ್ರೆ. ಇದ್ದದ್ದು ನೋಯೂದಿಲ್ಲ." ಸ್ವಲ್ಪ ನಕ್ಕ. ಆಮೇಲೆ ತಾನೇ ಹೇಳಿದ, "ನಂದೇ ತಪ್ಪು. ಸೋಮವಾರ ಮೀನು ತಿಂದಿದ್ದೆ. ಅಜ್ಜ ಹೂ ಹಾಕಿ ಬಾ ಅಂತ ಹೇಳಿದ್ದ, ನಾ ಹಾಕಲಿಲ್ಲ. ಜಟಗಂಗೆ ಸಿಟ್ಟು ಬಂತು."

ಅದನ್ನು ನನಗೆ ತಡೆಯಲಾಗಲಿಲ್ಲ. "ಜಟಗಂಗೂ ಇದ್ಕೂ ಸಂಬಂಧ ಇಲ್ಲ ತಮಾ," ಎಂದೆ. "ನಿನ್ನ ಕಣ್ಣು ಕೆಂಪಾದದ್ದು ನಾ ನೋಡಿದ್ದೆ. ನೋಡಿಯೂ ಗರಗಸಕ್ಕೆ ಕಳಿಸ್ದೆ. ನಾಲ್ಕು ರಾತ್ರಿ ನಿದ್ದೆಗೆಟ್ಟವ ಅಲ್ಲಿ ನಿಲ್ಲಬಾರ್ದಾಗಿತ್ತು. ಅದನ್ನ ನೋಡೂದು ನನ್ನ ಕೆಲಸ. ತಪ್ಪು ನಂದು. ಮೀನಿಂದಲ್ಲ."

ಅವನು ಚಾಪೆಯ ಅಂಚನ್ನು ಎಡಗೈಯಿಂದ ಎಳೆದು ಸರಿಮಾಡಿದ. ಬೈಯುತ್ತಾನೆ ಎಂದುಕೊಂಡೆ, ಬೈದರೆ ಒಳ್ಳೆಯದೆಂದೂ ಅಂದುಕೊಂಡೆ.

"ನೀವು ಇಷ್ಟು ದೂರ ಬಂದ್ರಿ, ಚೊಲೋ ಆಯ್ತು," ಎಂದ. "ಆದ್ರೆ ಈ ಮಾತು ನಂಗೆ ಬ್ಯಾಡ. ದೇವ್ರು ಸಿಟ್ಟಾಗಿದ್ರೆ ನಾ ತಪ್ಪಾಯ್ತು ಅಂತ ಕೈ ಮುಗೀತೆ." ಕೈ ಎತ್ತಲು ಹೋದ, ಗಂಟನ್ನು ನೋಡಿ ಇಳಿಸಿದ. "ಹೆಂಗೋ ಒಂದು ಮುಗೀತೆ. ಅವ ಕೇಳ್ತ. ಮುಂದೆ ಸಮಾ ಆಗ್ತದೆ ಅಂತ ಒಂದು ಧೈರ್ಯ ಇರ್ತದೆ. ನೀವೇ ಮಾಡಿದ್ದು ಅಂದ್ರೆ ನಾ ಎಂತ ಮಾಡೂದು? ನಿಮ್ಮ ಮೇಲೆ ಸಿಟ್ಟು ಮಾಡೂಕೆ ನಂಗೆ ಆಗೂದೇ? ನಾಳೆ ನನ್ನ ಹೆಂಡ್ತಿ ಹುಡಿ ಹೊರೂಕೆ ನಿಮ್ಮ ಮಿಲ್ಲಿಗೇ ಬರ್ಬೇಕು."

ಬಾಗಿಲ ಹಿಂದೆ ಅವಳ ಬಳೆ ಸದ್ದಾಯಿತು.

"ಅದ್ಕೆ ಕೆಲಸ ಕೊಡ್ತೆ," ಎಂದೆ.

"ಅಷ್ಟು ಮಾಡಿ," ಎಂದ. "ಆ ಮಾತು ಮತ್ತೆ ಹೇಳ್ಬೇಡಿ."

ದೋಣಿಯಲ್ಲಿ ಮರಳುವಾಗ ನನಗೆ ಸಿಟ್ಟು ಬಂದಿತ್ತು, ಅವನ ಮೇಲೆ. ತಪ್ಪೊಪ್ಪಿಕೊಂಡು ಹಗುರಾಗಲು ಹೋಗಿದ್ದೆ, ಅವನು ಆ ಹೊರೆಯನ್ನು ನನ್ನ ಕೈಗೇ ತಿರುಗಿ ಕೊಟ್ಟು ಕಳಿಸಿದ್ದ. ಈಚೆ ಕೋಡಿಬಾಗದ ದಂಡೆಗೆ ಇಳಿಯುವ ಹೊತ್ತಿಗೆ ಆ ಸಿಟ್ಟೂ ಉಳಿಯಲಿಲ್ಲ. ದಣಿವೊಂದೇ ಉಳಿಯಿತು.

ಮರುದಿನದಿಂದ ನಾನೇ ಎಲ್ಲರನ್ನೂ ಕೇಳತೊಡಗಿದೆ. ದೇವರಿಲ್ಲದಿದ್ದರೆ ಏನು, ಬಾಯಿ ಇದೆಯಲ್ಲ ಎಂದುಕೊಂಡೆ. ಬೆಳಿಗ್ಗೆ ಒಬ್ಬೊಬ್ಬರ ಮುಂದೆ ನಿಂತು, "ನಿದ್ದೆ ಬಂತೇ? ಮನೇಲಿ ಎಲ್ಲಾ ಆರಾಮೇ?" ಎನ್ನುತ್ತಿದ್ದೆ. ಎಲ್ಲರದ್ದೂ ಒಂದೇ ಉತ್ತರ, "ಚೊಲೋ ಅದೆ ಮುಕಾದಮ್ರೆ." ಸೊಂಟದ ಮೇಲೆ ಕೈ ಇಟ್ಟುಕೊಂಡೇ ನಿಂತವನೂ ಚೊಲೋ ಅದೆ ಎನ್ನುತ್ತಿದ್ದ. ನಾನು ಹೆಚ್ಚು ಕೆದಕಿದಷ್ಟು ಅವರು ಹೆಚ್ಚು ಹೆದರಿದರು. ಯಾರನ್ನೋ ತೆಗೆಯಲಿಕ್ಕೆ ಮುಕಾದಮ ನೆಪ ಹುಡುಕುತ್ತಿದ್ದಾನೆ ಎಂಬ ಸುದ್ದಿ ಹುಟ್ಟಿತು. ಹದಿನೈದು ದಿನಕ್ಕೆ ಬಿಟ್ಟುಬಿಟ್ಟೆ.

ಅಷ್ಟರಲ್ಲಿ ದೇವಬಾಗದವನ ಹೆಂಡತಿ ಕೆಲಸಕ್ಕೆ ಬರತೊಡಗಿದ್ದಳು. ಗಟ್ಟಿ ಹೆಂಗಸು. ಹುಡಿ ಹೊತ್ತು ಹಾಕಿ ಹಾಕಿ ಹುಬ್ಬೆಲ್ಲ ಬೆಳ್ಳಗಾದರೂ ಕೂರುತ್ತಿರಲಿಲ್ಲ. ಅವಳು ಬರುವಾಗ ಗೋಳಿ ಮರದ ಬುಡದಲ್ಲಿ ಒಂದು ಗಳಿಗೆ ನಿಲ್ಲುವುದನ್ನು, ಇನ್ನಿಬ್ಬರು ಹೆಂಗಸರು ಅವಳ ಕೂಡೆ ನಿಲ್ಲುವುದನ್ನು ನೋಡಿದೆ. ಅವರು ತುಟಿ ಅಲ್ಲಾಡಿಸುತ್ತಿದ್ದರು, ಭೋಂಗಾ ಆದೊಡನೆ ಓಡುತ್ತಿದ್ದರು. ಅದನ್ನು ನೋಡಿದ ಮೇಲೆ ನಾನು ಮತ್ತೆ ಮೆನೇಜರ ಹತ್ತಿರ ಹೋದೆ. ಈ ಸಲ ಭಕ್ತಿಯ ಮಾತು ಎತ್ತಲಿಲ್ಲ.

"ಸಾಹೇಬ್ರೆ, ಆ ಕಾಲು ತಾಸು ನಂಗೆ ಬೇಕು. ಅಲ್ಲಿ ನಿಂತಾಗ ಯಾರು ಸಮಾ ಇದ್ದಾರೆ, ಯಾರು ಇಲ್ಲ ಅಂತ ನಂಗೆ ತಿಳೀತದೆ. ಅವರು ನನ್ನ ಹತ್ರ ಹೇಳೂದಿಲ್ಲ, ನಿಮ್ಮ ಹತ್ರ ಅಂತೂ ಹೇಳೂದೇ ಇಲ್ಲ. ಕಲ್ಲಿಗೆ ಹೇಳ್ತರೆ."

ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಗಣಪತಿಗೆ ಯಾಕ ಹೇಳವಲ್ರು?"

"ಅಲ್ಲಿ ಭಟ್ಟರು ಮಾತಾಡ್ತರೆ ಸಾಹೇಬ್ರೆ. ಇವರಿಗೆ ಮಾತಾಡೂಕೆ ಜಾಗ ಇಲ್ಲ."

ಅವರಿಗೆ ನೋವಾಯಿತೆಂದು ಕಾಣುತ್ತದೆ. ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಮಾಡ್ಕೋರಿ. ಆದ್ರ ಭೋಂಗಾ ಆಗೂಕ್ಕಿಂತ ಮೊದಲ. ಧನಿಯರ ಹೊತ್ತಿನ್ಯಾಗ ಅಲ್ಲ," ಎಂದರು.

ಸಿಕ್ಕಿದ್ದು ಅಷ್ಟೇ. ಬಿಣಗೆಯಿಂದ ನಡೆದು ಬರುವವರು ಇನ್ನಷ್ಟು ಬೇಗ ಏಳಬೇಕಾಯಿತು. ದೇವಬಾಗದವರು ಮೊದಲ ದೋಣಿ ಹಿಡಿಯಬೇಕಾಯಿತು. ದಣಿದವರಿಗೆ ನೆಮ್ಮದಿ ಕೊಡಿಸುತ್ತೇನೆಂದು ಹೋಗಿ ಅವರ ನಿದ್ದೆಯ ಕಾಲು ತಾಸು ಕಸಿದುಕೊಂಡೆನೋ ಏನೋ, ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಕೆಲವರು ಬರಲಿಲ್ಲ. ನನಗೆ ಆಗೂದಿಲ್ಲ ಎಂದು ಒಬ್ಬ ಮುಖಕ್ಕೇ ಹೇಳಿದ. ಅವನದ್ದೂ ಸರಿಯೇ. ಆದರೆ ಹೆಚ್ಚಿನವರು ಬಂದರು. ಮೊದಲ ದಿನ ಕಲ್ಲಿನ ಮುಂದೆ ಯಾರು ಮಾತಾಡಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರು. ಗಂಡಸರು ಕೆಮ್ಮಿದರು. ಕೊನೆಗೆ ದೇವಬಾಗದವಳೇ ಮುಂದೆ ಬಂದು ಹೂಗಳನ್ನು ಈಸಿಕೊಂಡಳು.

ಅವಳ ಮಾತು ಮುದುಕನ ಮಾತಿನ ಹಾಗೆ ಹದವಾಗಿರಲಿಲ್ಲ. "ಜಟಗಾ, ನನ್ನ ಗಂಡನ ಕೈ ನೀ ತಗಂಡೆ. ತಗಂಡದ್ದು ಸಾಕು, ಇನ್ನು ಯಾರದೂ ಮುಟ್ಬೇಡ. ಇವಂಗೆ ಹಲ್ಲುನೋವು. ಇದ್ಕೆ ಅತ್ತೆ ಕಾಟ, ರಾತ್ರಿ ನಿದ್ದೆ ಇಲ್ಲ. ನೋಡ್ಕ." ಅಷ್ಟೇ. ಒದರಿದ ಹಾಗೆ ಹೇಳುತ್ತಿದ್ದಳು. ಹಿಂದೆ ನಿಂತ ನಾನು ಕೇಳಿಸಿಕೊಂಡು ಕೆಲಸ ಹಂಚುತ್ತಿದ್ದೆ. ಆಮೇಲೆ ನಾನಿದ್ದ ಅಷ್ಟೂ ಕಾಲ ಯಾರದೂ ಬೆರಳು ಹೋಗಲಿಲ್ಲ. ಅದು ಜಟಗನಿಂದಲೋ, ಬಂದ ಮುಚ್ಚಿಗೆಯಿಂದಲೋ, ನನ್ನ ಕಿವಿಯಿಂದಲೋ ಎಂದು ನಾನು ಹೇಳಲಾರೆ. ಅವಳ ಗಂಡ ಮುಂದೆ ದೋಣಿ ಕೆಲಸ ಹಿಡಿದ. ಚುಕ್ಕಾಣಿಗೆ ಎಡಗೈ ಸಾಕಾಗುತ್ತದೆ ಎನ್ನುತ್ತಿದ್ದನಂತೆ.

ಏಳನೆಯ ವರ್ಷ ಶೆಟಗೇರಿಯಿಂದ ಆಳು ಬಂತು. ಅವ್ವೆಗೆ ಮೈ ಸಮಾ ಇಲ್ಲ, ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಬಾ ಎಂದು ಅಣ್ಣ ಹೇಳಿ ಕಳಿಸಿದ್ದ. ಆ ದಿನವೇ ದೊಡ್ಡ ತೆಪ್ಪ ಬಂದಿತ್ತು. ಮೆನೇಜರು, "ಎರಡು ದಿನ ತಡೀರಿ, ಅಳತಿ ಮುಗಿಸಿ ಹೋಗ್ರಿ," ಎಂದರು. ಬಲವಂತ ಮಾಡಲಿಲ್ಲ. ನಾನು ಹೋಗಲೇಬೇಕು ಎಂದಿದ್ದರೆ ಬಿಡುತ್ತಿದ್ದರು. ಹಾಗೆ ಅನ್ನುವಷ್ಟು ತ್ರಾಣವೂ ನನಗಿರಲಿಲ್ಲವೋ, ಹೋಗಿ ನೋಡಲು ಹೆದರಿದೆನೋ. ಎರಡು ದಿನ ತಡೆದೆ. ಮೂರನೆಯ ದಿನ ಸರ್ವಿಸ್ ಮೋಟಾರಿನಲ್ಲಿ ಅಂಕೋಲೆಗೆ ಹೋಗಿ, ಅಲ್ಲಿಂದ ನಡೆದು ಮನೆ ಮುಟ್ಟಿದಾಗ ಅಂಗಳದಲ್ಲಿ ಮಂದಿ ಕೂತಿದ್ದರು. ಅವ್ವೆಯನ್ನು ಹೊತ್ತುಕೊಂಡು ಹೋಗಿ ಆಗಿತ್ತು.

ಹನ್ನೆರಡು ದಿನ ಮುಗಿಸಿ, ತಲೆ ಬೋಳಿಸಿಕೊಂಡು ಕಾರವಾರಕ್ಕೆ ತಿರುಗಿ ಬಂದೆ. ಅವ್ವೆ ಹೋದದ್ದು ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ಮಾತಾಡಿಸಿದರು, ವಯಸ್ಸಾಗಿತ್ತು, ಪುಣ್ಯವಂತೆ ಎಂದರು. ನಾನು ಹೂಂ ಎಂದೆ. ಕರೆದಾಗ ಹೋಗಲಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಮೆನೇಜರಿಗೊಬ್ಬರಿಗೆ ಬಿಟ್ಟು. ಅವರಿಗೆ ನೆನಪಿತ್ತೋ ಇಲ್ಲವೋ. ಮೂರು ನಾಲ್ಕು ದಿನ ಹೇಗೋ ಕಳೆದೆ. ಕಣ್ಣು ಮುಚ್ಚಿದರೆ ಅವ್ವೆ ಬಾಗಿಲ ಕಡೆ ಮುಖ ಮಾಡಿ ಮಲಗಿರುವುದು ಕಾಣುತ್ತಿತ್ತು. ನಾನು ಅದನ್ನು ನೋಡಿದ್ದೇ ಇಲ್ಲ, ಆದರೂ ಕಾಣುತ್ತಿತ್ತು.

ಐದನೆಯ ಬೆಳಿಗ್ಗೆ ಬರುವ ದಾರಿಯಲ್ಲಿ ಯಾರದೋ ಬೇಲಿಯಿಂದ ಒಂದು ದಾಸಾಳ ಕಿತ್ತುಕೊಂಡೆ. ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ದೇವಬಾಗದವಳು ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. ಆ ವರ್ಷಗಳಲ್ಲೆಲ್ಲ ನಾನು ಹೂ ಕೊಟ್ಟವನಲ್ಲ. ಬಗ್ಗಿ, "ಅವ್ವೆ ಕರದ್ಲು. ನಾ ಹೋಗಲಿಲ್ಲ," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ಎಲ್ಲರ ಹೂವಿನ ಜೊತೆಗೆ ಇಟ್ಟಳು. ಹಲ್ಲುನೋವು, ಜ್ವರ, ದನ ಕಳೆದದ್ದು, ಎಲ್ಲ ಹೇಳಿ ಮುಗಿಸಿ ಕೊನೆಗೆ ಹೇಳಿದಳು, "ನಮ್ಮ ಮುಕಾದಮನ ಅವ್ವೆ ತೀರ್ಕಂಡ್ಲು. ಇವ ಹೋಗೂದು ತಡ ಆಯ್ತು. ತಡ ಆದದ್ದು ಅವನ ಹೊಟ್ಟೇಲಿ ಕೂತದೆ, ನಿದ್ದೆ ಮಾಡೂಕೆ ಬಿಡೂದಿಲ್ಲ. ಅವ್ವೆ ಹತ್ರ ನೀನೇ ಹೇಳು. ಕೆಲಸ ಇತ್ತು ಅಂತ ಹೇಳು."

ಯಾರೂ ತಿರುಗಿ ನನ್ನನ್ನು ನೋಡಲಿಲ್ಲ. ಭೋಂಗಾ ಆಯಿತು. ನಾನು ಕೆಲಸ ಹಂಚಲು ಬಾಯಿ ತೆರೆಯುವ ಮೊದಲೇ ಅವರು ತಮ್ಮ ತಮ್ಮ ಜಾಗಕ್ಕೆ ಹೋಗಿದ್ದರು, ಸೊಂಟನೋವಿನವನು ಹಲಗೆ ಒಟ್ಟಲು, ಗಟ್ಟಿ ಇದ್ದವರು ಹೊಳೆಗೆ. ಆ ದಿನ ನನ್ನಿಂದ ಒಂದು ಕೂಗೂ ಬೇಕಾಗಲಿಲ್ಲ. ಮಧ್ಯಾಹ್ನ ಗಂಜಿ ಉಂಡು ಹಲಗೆಯ ಒಟ್ಟಿಲಿನ ನೆರಳಿಗೆ ಒರಗಿದ್ದಷ್ಟೇ ನೆನಪು. ನಿದ್ದೆಯಲ್ಲಿ ಎಲ್ಲೋ ಮೆನೇಜರ ದನಿ ಕೇಳಿತು, "ಮುಕಾದಮರು ಎಲ್ಲಿ?" ಅದರ ಹಿಂದೆ ಒಬ್ಬ ಹೆಂಗಸಿನ ದನಿ, "ಹೊಳೆ ಹತ್ರ ಅಳತೆಗೆ ಹೋಗವ್ರೆ ಸಾಹೇಬ್ರೆ." ಕೂಡಲೇ ಏಳಬೇಕೆಂದುಕೊಂಡೆ, ಏಳಲಿಲ್ಲ. ಎದ್ದಾಗ ಬಿಸಿಲು ಇಳಿದಿತ್ತು. ಮೈಮೇಲೆ ಯಾರದೋ ಕಂಬಳಿ ಇತ್ತು, ಗರಗಸ ಓಡುತ್ತಿತ್ತು. ಮುಖದ ಹುಡಿ ಒರೆಸಿಕೊಂಡು, ಅಳತೆಪಟ್ಟಿ ಹಿಡಿದು ಹೊಳೆಯ ಕಡೆ ಹೋದೆ.